ಭಾನುವಾರದ ಅರ್ಧ ತಾಸು

ಜನವರಿ 12, ಭಾನುವಾರ

ಐದೂವರೆಗೆ ರೇಡಿಯೋದಲ್ಲಿ ಬೈಠಕ್, ನಮ್ಮ ನಗೆ-ವಾದದ ಕಾರ್ಯಕ್ರಮ. ಅದಕ್ಕೆ ಮೊದಲೇ ಅನ್ನ ಸಾರು ಮುಗಿಸಿ ಕೈ ಒರೆಸಿಕೊಂಡು ಕೂತೆ. ಇವರು ಖುರ್ಚಿಯಲ್ಲಿ, ನಾನು ದಿವಾನದ ಮೇಲೆ. ನಡುವೆ ಸ್ಟೂಲು, ಸ್ಟೂಲಿನ ಮೇಲೆ ರೇಡಿಯೋ. ಮೊಬೈಲಿನಲ್ಲೂ ಬರುತ್ತದೆ, ಆದರೆ ಇವರಿಗೆ ಸೆಟ್ಟೇ ಆಗಬೇಕು.

ಇವತ್ತಿನ ವಿಷಯ — ಮದುವೆ ಊಟಕ್ಕೆ ಮೊದಲ ಪಂಕ್ತಿ ಒಳ್ಳೆಯದೋ, ಕೊನೆಯದೋ. ಕಳಿಸಿದವರು ಹುಮನಾಬಾದಿನ ಯಾರೋ 'ಹಸಿದವ'. ಎಂದಿನಂತೆ ಇಬ್ಬರು ಪರ, ಇಬ್ಬರು ವಿರೋಧ. ರಿಟೈರ್ಡ್ ಕಂಡಕ್ಟರ್ ಕೊನೆಯ ಪಂಕ್ತಿ ಹಿಡಿದಿದ್ದರು. "ಮೊದಲನೇ ಪಂಕ್ತಿಯವರಿಗಿ ಹೋಳಿಗಿ ಸಿಗ್ತದರಿ, ಕೊನೀ ಪಂಕ್ತಿಯವರಿಗಿ ಸುದ್ದಿ ಸಿಗ್ತದ" ಅಂದರು. ಅಧ್ಯಕ್ಷರು ಗಂಟೆ ಹೊಡೆದು, ಎಲ್ಲರೂ ಮನೆಯಲ್ಲೇ ಉಂಡು ಮದುವೆಗೆ ಬರಬೇಕೆಂದು ತೀರ್ಪು ಕೊಟ್ಟರು. ಇಷ್ಟು ವರ್ಷದಲ್ಲಿ ಒಂದು ತೀರ್ಪಾದರೂ ಸರಿ ಕೊಟ್ಟಿದ್ದರೆ ಕೇಳಿ. ಮಗಳು ಮಹಾಮಾಯಾ ಹುಟ್ಟುವ ಮೊದಲಿಂದ ಕೇಳುತ್ತಿದ್ದೇವೆ. ಈಗ ಅವಳು ಕಲಬುರಗಿಯಲ್ಲಿ ಬಿ.ಎಡ್. ಓದುತ್ತಾಳೆ.

ಕಂಡಕ್ಟರ್ ಮಾತಿಗೆ ನಾನು ನಕ್ಕೆ. ಇವರೂ ನಕ್ಕರು. ಇಬ್ಬರದೂ ಒಂದೇ ಸಲ ಬಂತು. ಆಮೇಲೆ ಇವರು ಕಿಟಕಿ ಕಡೆ ನೋಡಿದರು, ನಾನು ಸೆರಗು ಸರಿಮಾಡಿಕೊಂಡೆ.

ವಾರಕ್ಕೊಂದು ಅರ್ಧ ತಾಸು. ಮಿಕ್ಕದ್ದೆಲ್ಲ ಮೌನ.

ಜನವರಿ 15, ಬುಧ — ಬಸ್ಸಿನಲ್ಲಿ

ಔರಾದದಿಂದ ಸಂತಪುರದವರೆಗೆ ನಿಂತೇ ಬಂದೆ. ಈಗ ಸೀಟು ಸಿಕ್ಕಿದೆ. ಅಕ್ಷರ ಕುಣಿಯುತ್ತಿವೆ.

ಇವರು ಮಾತು ಬಿಟ್ಟದ್ದು ಸೆಪ್ಟೆಂಬರಿನಲ್ಲಿ. ಪ್ರಮೋಷನ್ ಬಂತು, ಸೀನಿಯರ್ ಲ್ಯಾಬ್ ಟೆಕ್ನಿಷಿಯನ್, ಜಾಗ ಔರಾದ. ಬೇಡ ಅಂತ ಬರೆದುಕೊಡು, ಬೀದರದಲ್ಲೇ ಇರು ಅಂದರು. ಆಯಿತು ಅಂದೆ. ಆಮೇಲೆ ಬರೆದುಕೊಡಲು ಕೂತಾಗ ಕೈ ಬರಲಿಲ್ಲ. ಇಪ್ಪತ್ತು ವರ್ಷ ಊರವರ ರಕ್ತ ತೆಗೆದು ತೆಗೆದು ಬಂದ ಒಂದು ಪ್ರಮೋಷನ್. ಹೋಗಿ ಜಾಯಿನ್ ಆಗಿಬಿಟ್ಟೆ. ಸಂಜೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಇವರ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೋ, ಹೆಂಡತಿ ಜಾಯಿನ್ ಆದರಲ್ಲ ಅಂತ ಇವರಿಗೆ ಪೇಢಾ ಕೇಳಿದರಂತೆ.

ಅವತ್ತಿನಿಂದ ನನಗೆ ಮಾತಿಲ್ಲ. ಬೇಕಾದದ್ದನ್ನೆಲ್ಲ ಕುಕ್ಕರಿಗೆ ಹೇಳುತ್ತಾರೆ. "ಏನಪಾ, ಇವತ್ತ ಸೀಟಿ ಹೊಡೀತಿಯೋ, ನಾ ಹಂಗೇ ಸಾಲಿಗಿ ಹೋಗಲ್ಯೋ?" ಮೊದಮೊದಲು ನನಗೆ ನಗು ಬರುತ್ತಿತ್ತು. ಸಿಟ್ಟು ಎರಡು ದಿನದ್ದು ಅಂದುಕೊಂಡಿದ್ದೆ.

ಗ್ರೂಪಿನಲ್ಲಿ ಮಾತ್ರ ಬೇರೆಯೇ ಮನುಷ್ಯ. 'ಬೈಠಕ್ ಬಳಗ' ಅಂತ ವಾಟ್ಸಾಪ್ ಗ್ರೂಪು. ಬೀದರ, ಭಾಲ್ಕಿ, ಔರಾದ ಎಲ್ಲ ಕಡೆಯ ಕೇಳುಗರು. ಕಾರ್ಯಕ್ರಮ ಮುಗಿದು ಕೊನೆಯ ಸಂಗೀತ ನಿಲ್ಲುವತನಕ ಯಾರೂ ಮೆಸೇಜ್ ಹಾಕಬಾರದು, ಅದು ನಿಯಮ. ನಿಂತ ಕೂಡಲೇ ವಾದ ಮಾಡಿದ ನಾಲ್ವರಿಗೂ ಮಾರ್ಕ್ಸ್. ಆಮೇಲೆ ಜಗಳ. ಇವರು ಅಲ್ಲಿ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾರೆ, ಚೇಷ್ಟೆ ಮಾಡುತ್ತಾರೆ. ಇಂಥ ಗಂಡ ಸಿಕ್ಕಿದ್ದು ನಿಮ್ಮ ಪುಣ್ಯ ಅಂತ ಒಬ್ಬರು ನನಗೆ ಬೇರೆ ಮೆಸೇಜ್ ಮಾಡಿದ್ದರು. ಪಕ್ಕದ ಕೋಣೆಯಲ್ಲಿ ಕೂತು ನಾನೂ ಇವರ ಮಾತನ್ನು ಅಲ್ಲೇ ಓದುತ್ತೇನೆ.

ಜನವಾಡಾ ಬಂತು.

ಜನವರಿ 26, ಭಾನುವಾರ

ಭಾಲ್ಕಿಗೆ ಹೋಗಿದ್ದೆ. ಬಳಗದವರ ವರ್ಷದ ಊಟ, ಬದರುನ್ನಿಸಾ ಆಪಾನ ಅಂಗಳದಲ್ಲಿ. ಆಪಾ ಉರ್ದು ಶಾಲೆಯ ಟೀಚರ್ ಆಗಿದ್ದವರು, ಈಗ ರಿಟೈರ್ಡ್, ಗ್ರೂಪಿಗೆ ಅಡ್ಮಿನ್. ಇವರು ಬರಲಿಲ್ಲ. ಶಾಲೆಯಲ್ಲಿ ಧ್ವಜ ವಂದನೆ, ಆಮೇಲೆ ಸುಸ್ತು ಅಂತ ಗ್ರೂಪಿಗೆ ಹೇಳಿದ್ದರು. ನನಗೆ ಗ್ರೂಪಿನಿಂದ ಗೊತ್ತಾಯಿತು.

ಸಲಾವೋದ್ದೀನ ಭಾಯಿ ಬೀದರದಿಂದ ಬಂದಿದ್ದರು, ಗಡಿಯಾರ ರಿಪೇರಿಯವರು. ಬೈಠಕ್ ಕೆಟ್ಟುಹೋಗಿದೆ, ಹಿಂದಿನ ಅಧ್ಯಕ್ಷರ ಕಾಲವೇ ಬೇರೆ ಅಂತ ಶುರು ಹಚ್ಚಿದರು. ಹೊಸದಾಗಿ ಬಂದ ಹುಡುಗಿ ಬರೀ ಕಿಸಿಯುತ್ತಾಳಂತೆ. ಕೆಟ್ಟಿದ್ದರೆ ವಾರ ವಾರ ಯಾಕೆ ಕೇಳುತ್ತೀರಿ ಎಂದು ಯಾರೋ ಕೇಳಿದರು. ಎಷ್ಟು ಕೆಟ್ಟಿದೆ ನೋಡಬೇಕಲ್ಲ ಅಂದರು. ಬಿರಿಯಾನಿ ಆರುವವರೆಗೂ ಅದೇ ವಾದ. ಬಹಳ ದಿನಕ್ಕೆ ಹೊಟ್ಟೆ ತುಂಬ ಮಾತು ಕೇಳಿದೆ.

ಅಡುಗೆ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವಾಗ ಆಪಾ ಮನೆ ಕಡೆ ಹೇಗಿದೆ ಎಂದು ಕೇಳಿದರು. ಬಾಯಿ ಜಾರಿತು. ಕುಕ್ಕರಿನ ಕಥೆ, ಬೈಠಕಿಗೆ ಮಾತ್ರ ಇಬ್ಬರೂ ಕೂಡಿ ನಗುವುದು, ಪೂರಾ ಹೇಳಿಬಿಟ್ಟೆ. ಆಪಾ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನನ್ನ ಕಣ್ಣಲ್ಲಿ ನೀರಿತ್ತು, ಉಳ್ಳಾಗಡ್ಡಿಯ ಮೇಲೆ ಹಾಕಿದೆ.

ಬೈಠಕಿಗೆ ಕಳಿಸುವಂಥ ವಿಷಯ ಅಂದರು ಆಪಾ. ಚೇಷ್ಟೆ ಅಂದುಕೊಂಡೆ. ಬರುವಾಗ ಡಬ್ಬಿಯಲ್ಲಿ ಇವರಿಗೂ ಬಿರಿಯಾನಿ ಕಟ್ಟಿಕೊಟ್ಟರು. ಇವರು ತಿಂದು ಡಬ್ಬಿ ತೊಳೆದಿಟ್ಟರು. ಗ್ರೂಪಿನಲ್ಲಿ ಆಪಾಗೆ ಶುಕ್ರಿಯಾ ಹಾಕಿದರು.

ಫೆಬ್ರವರಿ 17, ಸೋಮ

ಔರಾದದಲ್ಲಿ ನಮ್ಮ ಆಸ್ಪತ್ರೆಯ ಹಿಂದೆ ಒಂದು ಕ್ವಾರ್ಟರ್ಸ್ ಖಾಲಿ ಆಗಿದೆ. ಬೇಕಿದ್ದರೆ ಮಾರ್ಚ್ ಮುಗಿಯುವುದರೊಳಗೆ ಬರೆದುಕೊಡಿ, ಇಲ್ಲದಿದ್ದರೆ ಬೇರೆಯವರಿಗೆ ಅಂದರು ಡಾಕ್ಟರ್ ಸಾಹೇಬರು. ದಿನಾ ಬಸ್ಸಿನಲ್ಲಿ ಮೈ ಹಣ್ಣಾಗುವುದು ತಪ್ಪುತ್ತದಲ್ಲ ವಿಶಾಖಾ ಬಾಯಿ, ಅಂದರು.

ಮೈ ಹಣ್ಣಾಗಿರುವುದು ಬಸ್ಸಿನಿಂದಲ್ಲ. ಹೇಳಲಿಲ್ಲ.

ಎರಡು ಕೋಣೆ, ಒಂದು ಬೇವಿನ ಮರ. ನೋಡಿಕೊಂಡು ಬಂದೆ. ಅಲ್ಲಿ ಮಾತಿಲ್ಲದಿದ್ದರೆ ಅದು ಯಾರೂ ಇಲ್ಲದ್ದಕ್ಕೆ. ಇಲ್ಲಿ ಇದ್ದೂ ಇಲ್ಲ. ಯಾವುದು ಮೇಲು?

ಹೋದರೆ ತಿರುಗಿ ಬರುವುದು ಕಷ್ಟ, ಅದು ಗೊತ್ತು. ಗಂಡ-ಹೆಂಡತಿ ಒಮ್ಮೆ ಎರಡು ಒಲೆ ಹಚ್ಚಿದರೆ ಒಂದು ಮಾಡುವವರು ಯಾರು. ಹೋಗಬೇಡ ಅಂತ ಇವರು ಒಂದು ಮಾತು ಅಂದರೆ ಸಾಕು, ಹೋಗುವುದಿಲ್ಲ. ಕುಕ್ಕರಿಗೆ ಹೇಳಿದರೂ ನಡೆದೀತು.

ಮಾರ್ಚ್ 9, ಭಾನುವಾರ, ಏಳು ಗಂಟೆ

ಬರೆದರೆ ಹಗುರಾಗಬಹುದು.

ಎಂದಿನಂತೆ ಕೂತಿದ್ದೆವು. ಅಧ್ಯಕ್ಷರು ಓದಿದರು — ಇಂದಿನ ವಿಷಯ ಭಾಲ್ಕಿಯಿಂದ 'ನೆರೆಮನೆಯವಳು' ಕಳಿಸಿದ್ದು. ಗಂಡ ಹೆಂಡತಿಯ ಜೊತೆ ಮಾತು ಬಿಟ್ಟು ಕುಕ್ಕರಿನ ಜೊತೆ ಮಾತಾಡುತ್ತಾನೆ. ತಪ್ಪು ಯಾರದು?

ಮನೆಯ ವಿಷಯ ಕಳಿಸುವವರು ಹೆಸರು ಮುಚ್ಚುವುದು ಮಾಮೂಲು. ಎಷ್ಟೋ ಜನರ ಮನೆ ವಿಷಯಕ್ಕೆ ನಾನೂ ನಕ್ಕಿದ್ದೇನೆ. ಇವತ್ತಿನದು ನಮ್ಮ ಮನೆಯದೇ. ಇವರ ಕಡೆ ನೋಡಲಿಲ್ಲ. ನೋಡದೆಯೇ ಗೊತ್ತಾಯಿತು, ಇವರೂ ಅಲುಗಾಡುತ್ತಿಲ್ಲ ಅಂತ.

ಕಂಡಕ್ಟರ್ ಗಂಡನ ಪರ. "ಕುಕ್ಕರ್ ಜೋಡಿ ಮಾತಾಡಿದ್ರ ತಪ್ಪೇನದರಿ? ಮೂರು ಸೀಟಿ ಹೊಡದು ಸುಮ್ಮನಾಗ್ತದ. ಇಂಥಾದ್ದು ಮನ್ಯಾಗ ಮತ್ತ ಯಾವುದದ?" ಹೊಸ ಹುಡುಗಿ ಹೆಂಡತಿಯ ಪರ. ಆ ಹೆಂಡತಿ ಮಿಕ್ಸಿ ಕೊಂಡು ತರಲಿ, ಗಂಡ ಬಾಯಿ ತೆಗೆದಾಗಲೆಲ್ಲ ಹಚ್ಚಲಿ ಅಂದಳು. ಸ್ಟುಡಿಯೋದ ಸಭೆಯವರು ಬಿದ್ದು ಬಿದ್ದು ನಕ್ಕರು. ಕೊನೆಗೆ ಅಧ್ಯಕ್ಷರು — ತಪ್ಪು ಕುಕ್ಕರಿನದು, ಗಂಡ-ಹೆಂಡತಿ ನಡುವೆ ಅದು ಬಾಯಿ ಹಾಕಬಾರದಿತ್ತು.

ತೀರ್ಪಿಗೆ ನನಗೆ ನಗು ಬಂತು. ಹೌದು, ಬಂತು. ಅಳುವುದರ ಬದಲು ಅದೇ ಬಂತು. ಇವರು ಅದನ್ನು ಕೇಳಿಸಿಕೊಂಡರು. ಮೊದಲ ಸಲ ನಾನೊಬ್ಬಳೇ ನಕ್ಕಿದ್ದು.

ಇವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಗ್ರೂಪು ಬೆಂಕಿ ಹತ್ತಿದ ಹಾಗಿದೆ. ಐದು ವರ್ಷದಲ್ಲಿ ಇಂಥ ಬೈಠಕ್ ಆಗಿಲ್ಲವಂತೆ. ಸಲಾವೋದ್ದೀನ ಭಾಯಿ ಹೊಸ ಹುಡುಗಿಗೆ ಹತ್ತಕ್ಕೆ ಒಂಬತ್ತು ಕೊಟ್ಟಿದ್ದಾರೆ, ಇತಿಹಾಸ! ಆ ಗಂಡ ಹೇಡಿ ಅಂತ ಒಬ್ಬರು. ಹೆಂಡತಿ ಏನೋ ಮಾಡಿರಬೇಕು, ಗಂಡಸು ಸುಮ್ಮನೆ ಮಾತು ಬಿಡುವುದಿಲ್ಲ ಅಂತ ಇನ್ನೊಬ್ಬರು. ಇಂಥವರು ಖರೇ ಇರುತ್ತಾರೆಯೇ, ಎಲ್ಲ ಕಟ್ಟಿದ್ದು ಅಂತ ಮತ್ತೊಬ್ಬರು. ಉತ್ತಮ ಸರ್ ಯಾಕೆ ಮಾರ್ಕ್ಸ್ ಕೊಟ್ಟಿಲ್ಲ ಅಂತ ಇವರನ್ನು ಕೇಳುತ್ತಿದ್ದಾರೆ.

ಆಪಾ ಒಂದಕ್ಷರ ಹಾಕಿಲ್ಲ.

ಮಾರ್ಚ್ 11, ಮಂಗಳ

ಇವರು ನಾನೇ ಕಳಿಸಿದ್ದು ಅಂದುಕೊಂಡಿದ್ದಾರೆ. ಭಾಲ್ಕಿ ಅಂತ ಊರು ಬದಲಿಸಿ ಕಳಿಸಿದ್ದೇನೆ ಅಂತ. ಮಹಾಮಾಯಾಗೆ ಫೋನ್ ಮಾಡಿ, ನಿಮ್ಮ ಅವ್ವ ಮನೆಯ ಮಾನ ರೇಡಿಯೋಕ್ಕೆ ಹಚ್ಚಿದಳು ಅಂದರಂತೆ. ಅವಳು ನನಗೆ ಹೇಳಿ ಅತ್ತಳು.

ಇವರು ಕೇಳುವುದಿಲ್ಲ, ಯಾಕೆಂದರೆ ಮಾತಿಲ್ಲ. ಕೇಳದವರಿಗೆ ನಾನು ಹೇಗೆ ಹೇಳಲಿ? ಬೆಳಿಗ್ಗೆ ಎದುರಿಗೆ ನಿಂತು, ನಾ ಕಳಿಸಿಲ್ಲರಿ, ಅಂದೆ. ಬ್ಯಾಗು ತೆಗೆದುಕೊಂಡು ಹೊರಟರು.

ಇನ್ನೊಂದು. ಈಗ ಕುಕ್ಕರಿಗೂ ಮಾತಿಲ್ಲ.

ಮಾರ್ಚ್ 13, ಗುರು

ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಆಪಾ ಫೋನ್ ಮಾಡಿದರು. ರೋಜಾ ಹಿಡಿದಿದ್ದಾರೆ, ಉಪವಾಸಕ್ಕೆ ದನಿ ಒಣಗಿತ್ತು.

"ನಾನೇ ಕಳಿಸಿದ್ದು ಬೇಟಾ. ಇಬ್ಬರೂ ಕೂಡಿ ನಗ್ತೀರಿ ಅಂದಿದ್ದಿ ನೋಡು. ನಗಿ ಬಂದ್ರ ಹಿಂದಿಂದ ಮಾತೂ ಬರ್ತದಂತ ತಿಳಕೊಂಡಿದ್ದೆ."

ಬೈಯಬೇಕೆಂದು ಬಾಯಿ ತೆಗೆದೆ. ದಣಿವಾಗಿತ್ತು, ಬೈಯಲೂ ಶಕ್ತಿ ಬೇಕು. ಹಾಗೆ ಮಾಡಬಾರದಿತ್ತು ಆಪಾ, ಅಂದೆ. ಅತ್ತರು. ಇವರಿಗೆ ಫೋನ್ ಮಾಡಿ ಹೇಳುತ್ತೇನೆ ಅಂದರು. ಬೇಡ ಅಂದೆ. ಹೇಳಿದರೆ ಮನೆಯ ಮಾತು ಭಾಲ್ಕಿಯವರೆಗೆ ಹೇಗೆ ಹೋಯಿತು ಅಂತ ಅದೊಂದು ಶುರುವಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ಫೋನ್ ಇಟ್ಟ ಮೇಲೆ ಒಂದು ಸ್ಯಾಂಪಲ್ಲಿಗೆ ತಪ್ಪು ಲೇಬಲ್ ಹಚ್ಚಿದ್ದೆ. ಕೂಡಲೇ ಕಂಡಿತು, ಬದಲಿಸಿದೆ. ಹೀಗೆ ಆಗಬಾರದು.

ಮಾರ್ಚ್ 16, ಭಾನುವಾರ

ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಇವರು ಅಂಗಿ ಹಾಕಿಕೊಂಡರು. ಬಾಗಿಲಲ್ಲಿ ಸ್ವಲ್ಪ ನಿಂತರು, ರೇಡಿಯೋ ನೋಡಿದರು. ಹೋದರು.

ಖಾಲಿ ಖುರ್ಚಿಯ ಎದುರು ಕೂತು ಪೂರಾ ಕೇಳಿದೆ. ವಿಷಯ ಏನಿತ್ತು ನೆನಪಿಲ್ಲ.

ಇದ್ದದ್ದು ಅದೊಂದೇ ಅರ್ಧ ತಾಸು. ಅದೂ ಹೋಯಿತು.

ಮಾರ್ಚ್ 17, ಸೋಮ

ಕ್ವಾರ್ಟರ್ಸಿಗೆ ಬರೆದುಕೊಟ್ಟೆ.

ಏಪ್ರಿಲ್ 2, ಬುಧ — ಔರಾದ

ಬಂದೆ. ಸಾಮಾನಿಗೆ ಟೆಂಪೋ ಅರ್ಧವೂ ತುಂಬಲಿಲ್ಲ.

ಒಂದು ವಾರ ಮೊದಲೇ ಇವರಿಗೆ ಎದುರಿಗೆ ನಿಂತು ಹೇಳಿದ್ದೆ. ಈ ಸಲ ಯಾರಿಂದಲೋ ಕೇಳುವಂತೆ ಆಗಬಾರದು ಅಂತ. ಪೇಪರ್ ಓದುತ್ತಿದ್ದರು. ಪುಟ ತಿರುವಲಿಲ್ಲ, ತಲೆ ಎತ್ತಲೂ ಇಲ್ಲ. ಬೇಡ ಅನ್ನಿ, ಅಂತ ಮನಸ್ಸಿನಲ್ಲಿ ಬೇಡಿಕೊಂಡೆ. ಇದಕ್ಕಿಂತ ಹೆಚ್ಚು ನಾನು ಯಾವ ಬುದ್ಧ ವಿಹಾರದಲ್ಲೂ ಬೇಡಿಕೊಂಡಿಲ್ಲ.

ಇವತ್ತು ಶಾಲೆಗೆ ರಜೆ ಹಾಕಿದ್ದರು. ಸಿಲಿಂಡರ್ ಇವರೇ ಟೆಂಪೋಕ್ಕೆ ಏರಿಸಿದರು. ಹಾಸಿಗೆಗೆ ಹಗ್ಗ ಬಿಗಿದರು. ಡ್ರೈವರಿಗೆ, ಸಂತಪುರದ ಹತ್ತಿರ ರಸ್ತೆ ಕೆಟ್ಟಿದೆ ನಿಧಾನ ಹೋಗಪಾ, ಗಾಜಿನ ಸಾಮಾನದ, ಅಂದರು. ನಾನು ಕ್ಯಾಬಿನ್ನಿನಲ್ಲಿ ಕೂತಿದ್ದೆ. ಅಷ್ಟು ಚೆನ್ನಾಗಿ ಹಗ್ಗ ಕಟ್ಟುವ ಮನುಷ್ಯನಿಗೆ ಒಂದು ಮಾತು ಬರಲಿಲ್ಲವಲ್ಲ ಅಂತ ಜನವಾಡಾ ದಾಟುವವರೆಗೂ ಸಿಟ್ಟು. ಆಮೇಲೆ ಬರೀ ನಿದ್ದೆ.

ಏಪ್ರಿಲ್ 14, ಸೋಮ

ಜಯಂತಿಗೆ ಬೀದರಕ್ಕೆ ಹೋಗಿದ್ದೆ. ಬಿಳಿ ಸೀರೆ ಉಟ್ಟಿದ್ದೆ. ಮಹಾಮಾಯಾ ಬಂದಿದ್ದಳು. ಓಣಿಯ ಹೆಂಗಸರೆಲ್ಲ, ಔರಾದದ ನೀರು ಹಿಡಿಸಿತಾ ಅಂತ ಕೇಳುವವರೇ. ಮೆರವಣಿಗೆಯಲ್ಲಿ ಇವರು ಮುಂದೆ, ನೀಲಿ ಝಂಡಾ ಹಿಡಿದವರ ಜೊತೆ. ಮೈ ಇಳಿದಿದೆ. ಅಂಗಿಯ ಇಸ್ತ್ರಿ ಸರಿ ಇರಲಿಲ್ಲ.

ಫೋಟೋಕ್ಕೆ ಮೂವರೂ ನಿಂತೆವು. ಮಗಳು ನಡುವೆ.

ಸಂಜೆಯ ಬಸ್ಸಿಗೆ ತಿರುಗಿ ಬಂದೆ. ಇರು ಅಂತ ಮಗಳು ಅಂದಳು. ಅವಳೊಬ್ಬಳೇ ಅಂದಳು.

ಏಪ್ರಿಲ್ 27, ಭಾನುವಾರ

ಮೊಬೈಲಿನಲ್ಲಿ ಕೇಳಿದೆ. ಕಂಡಕ್ಟರ್ ಒಳ್ಳೆಯ ಫಾರ್ಮಿನಲ್ಲಿದ್ದರು. ಒಬ್ಬಳೇ ನಗುವುದು ಅಭ್ಯಾಸವಿಲ್ಲ. ನಕ್ಕು ಪಕ್ಕಕ್ಕೆ ನೋಡುತ್ತೇನೆ.

ಮಾರ್ಕ್ಸ್ ಹಾಕಿದೆ. ಇವರ ಹೆಸರು ಗ್ರೂಪಿನಲ್ಲಿದೆ, ಮಾತಿಲ್ಲ. ನೀಲಿ ಗೆರೆ ಮೂಡುತ್ತದೆ, ಓದುತ್ತಾರೆ ಅಂತ ಅಷ್ಟೇ ತಿಳಿಯುತ್ತದೆ.

ಮೇ 25, ಭಾನುವಾರ

ಆಪಾ ಬಂದಿದ್ದರು, ಭಾಲ್ಕಿಯಿಂದ ಬೀದರ, ಬೀದರದಿಂದ ಇಲ್ಲಿ, ಈ ಬಿಸಿಲಿನಲ್ಲಿ. ಮಂಡಿ ನೋವು, ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಮಾವಿನಹಣ್ಣು ತಂದಿದ್ದರು.

ನಾನು ಬೇಡ ಅಂದಿದ್ದನ್ನು ಮಾಡಿದ್ದಾರೆ. ಮೊನ್ನೆ ಮೈಲೂರಿನ ನಮ್ಮ ಮನೆಗೆ ಹೋಗಿ ಇವರ ಎದುರು ಕೂತು, ಕಳಿಸಿದ್ದು ನಾನು, ವಿಶಾಖಾಗೆ ಗೊತ್ತೇ ಇರಲಿಲ್ಲ ಅಂತ ಹೇಳಿ ಬಂದರಂತೆ. ಇವರು ಚಹಾ ಮಾಡಿ ಕೊಟ್ಟರಂತೆ. ಸಕ್ಕರೆ ಮರೆತಿದ್ದರಂತೆ.

ಏನಂದರು ಅಂತ ಕೇಳಿದೆ. ಆ ಕಡೆ ತಿರುಗಿ ಹಣ್ಣು ತೊಳೆಯುತ್ತಿದ್ದೆ.

ಆಪಾ ಇವರ ಹಾಗೆಯೇ ತಲೆ ಕೆಳಗೆ ಹಾಕಿ ಹೇಳಿದರು. "ಅಕಿ ಕಳಿಸ್ಯಾಳಂತ ಇಷ್ಟ ದಿನ ಸಿಟ್ಟ ಮಾಡಿದೆರಿ ಆಪಾ. ಅಕಿ ಅಲ್ಲಂದ್ರ ಈ ಸಿಟ್ಟ ಒಯ್ದು ಎಲ್ಲಿ ಇಡಲಿ?"

ಮತ್ತೆ? ಮತ್ತೇನಿಲ್ಲ. ಒಂಬತ್ತು ತಿಂಗಳು ಮಾತು ಬಿಟ್ಟವರಿಗೆ ಎಲ್ಲಿಂದ ಹಿಡಿಯಬೇಕು ತಿಳಿಯುತ್ತಿಲ್ಲವಂತೆ. ನೀನೇ ಹೋಗು ಬೇಟಾ, ಅಂದರು. ಇಲ್ಲ ಅಂದೆ. ಎದುರಿಗೆ ನಿಂತು ನಾನು ಎರಡು ಸಲ ಮಾತಾಡಿದ್ದೇನೆ. ಮೂರನೆಯದಕ್ಕೆ ನನ್ನಲ್ಲಿ ಉಳಿದಿಲ್ಲ. ಬರುವುದಾದರೆ ಆ ಕಡೆಯಿಂದ ಬರಲಿ.

ಐದೂವರೆಗೆ ಇಬ್ಬರೂ ಕೂಡಿ ಬೈಠಕ್ ಕೇಳಿದೆವು. ಆಪಾ ನಗುವಾಗ ನನ್ನ ತೊಡೆಗೆ ಬಡಿಯುತ್ತಾರೆ. ಸಿಟ್ಟು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ಬಸ್ ಹತ್ತಿಸಿ ಬಂದೆ.

ಜೂನ್ 8, ಭಾನುವಾರ

ಇವರ ಫೋನ್ ಬರಲಿಲ್ಲ.

ಜೂನ್ 19, ಗುರು

ಡೆಂಗ್ಯೂ ಟೆಸ್ಟುಗಳ ರಾಶಿ. ನಿಂತು ನಿಂತು ಕಾಲು ಊದಿವೆ. ಅನ್ನ ಮಾಡಲಿಲ್ಲ, ಹಾಲು ಬ್ರೆಡ್ಡು. ಸಾಹೇಬರು, ಕ್ವಾರ್ಟರ್ಸ್ ಕಾಯಂ ನಿಮ್ಮ ಹೆಸರಿಗೆ ಮಾಡೋಣವೇ ಎಂದು ಕೇಳಿದರು. ಜುಲೈ ಒಂದರಂದು ಹೇಳುತ್ತೇನೆ ಅಂದೆ. ಏನಕ್ಕೆ ಕಾಯುತ್ತಿದ್ದೇನೆ ಅಂತ ನನಗೇ ನಾಚಿಕೆ.

ಜೂನ್ 29, ಭಾನುವಾರ, ಐದೂವರೆ ಆಗಿ ಸ್ವಲ್ಪ ಹೊತ್ತು

ಈಗ ನಡೆಯುತ್ತಿದೆ. ನಡೆಯುತ್ತಿರುವಾಗಲೇ ಬರೆಯುತ್ತಿದ್ದೇನೆ.

ಅಧ್ಯಕ್ಷರು ವಿಷಯ ಓದುವ ಮೊದಲು ನಕ್ಕರು. ಇವತ್ತಿನವರು ಹೆಸರು ಮುಚ್ಚಿಲ್ಲ, ಪೂರಾ ವಿಳಾಸ ಹಾಕಿ, ತಪ್ಪದೆ ಓದಬೇಕೆಂದು ಬರೆದಿದ್ದಾರೆ ಅಂದರು. ಓದಿದರು. ಉತ್ತಮ, ಹೈಸ್ಕೂಲ್ ಮಾಸ್ತರ, ಮೈಲೂರ, ಬೀದರ. ವಿಷಯ — ಹೆಂಡತಿಯ ಜೊತೆ ಮಾತು ಬಿಟ್ಟವನು ತಿರುಗಿ ಮೊದಲನೆಯ ಮಾತು ಏನಂತ ಆಡಬೇಕು?

ಹಾಗಾದರೆ ಕುಕ್ಕರಿನವರು ನೀವೇ ಏನ್ರಿ ಮಾಸ್ತರ, ಅಂತ ಕಂಡಕ್ಟರ್ ಕೂಗಿದರು. ಸಭೆ ಎದ್ದು ನಗುತ್ತಿದೆ. ಇವರ ಶಾಲೆಯವರು, ಓಣಿಯವರು, ಬಳಗದವರು, ಎಲ್ಲರೂ ಕೇಳುತ್ತಿರುತ್ತಾರೆ. ಮನೆಯ ಮಾನ ಅಂದವರು ತಾವೇ ಹೆಸರು ಬರೆದು ಊರ ಮುಂದೆ ನಿಂತಿದ್ದಾರೆ.

ಕಣ್ಣು ತುಂಬಿತು. ಅದರ ಹಿಂದೆಯೇ ಸಿಟ್ಟು. ಇದನ್ನೂ ನನಗೆ ಹೇಳಲಿಲ್ಲವಲ್ಲ! ಊರನ್ನೆಲ್ಲ ಕೇಳಿದರು, ಸ್ಟುಡಿಯೋದ ನಾಲ್ಕು ಜನರನ್ನು ಕೇಳಿದರು, ಬಸ್ಸಿನಲ್ಲಿ ಒಂದೂಕಾಲು ತಾಸಿನ ದೂರದಲ್ಲಿರುವ ನನ್ನನ್ನು ಕೇಳಲಿಲ್ಲ.

ಹೊಸ ಹುಡುಗಿ, ತಪ್ಪಾಯಿತು ಅನ್ನಬೇಕು ಅನ್ನುತ್ತಿದ್ದಾಳೆ. ಕಂಡಕ್ಟರ್, ಊಟ ಆಯಿತೇನು ಅಂತ ಕೇಳಿದರೆ ಸಾಕು ಅನ್ನುತ್ತಿದ್ದಾರೆ. ಅಧ್ಯಕ್ಷರು ಇನ್ನೇನು ತೀರ್ಪು ಕೊಡುತ್ತಾರೆ. ಅವರ ತೀರ್ಪು ನನಗೆ ಬೇಡ.

ಬೈಠಕ್ ಬಂದ್ ಮಾಡಿದೆ. ಇವರಿಗೆ ಫೋನ್ ಹಚ್ಚಿದೆ.

ಎತ್ತಿದರು. ಹಿಂದೆ ಸಭೆಯ ನಗು, ಗಂಟೆ.

"ಮೊದಲ ಆ ರೇಡಿಯೋ ಬಂದ್ ಮಾಡ್ರಿ," ಅಂದೆ.

ಖುರ್ಚಿ ಸರಿದ ಸಪ್ಪಳ. ನಗು ನಿಂತಿತು. ಉಸಿರು ಮಾತ್ರ ಕೇಳುತ್ತಿದೆ. ಒಂದು ಕೈಯಲ್ಲಿ ಫೋನ್, ಒಂದು ಕೈಯಲ್ಲಿ ಪೆನ್ನು. ಗಂಟಲು ಸರಿಮಾಡಿಕೊಂಡರು. ಈಗ ಮಾತಾಡುತ್ತಾರೆ, ಪೆನ್ನು ಇಡುತ್ತೇನೆ.